ಎಲ್ಲರೂ ಮುಸ್ಲಿಮರೇ ಇರುವ ತರಗತಿಯಲ್ಲಿ ನಿಮ್ಮ ಮಗಳು ಯಾರು?

ಪ್ರಶ್ನೆ: ನನ್ನ ಮಗಳಿಗೆ ಈಗ 13 ವರ್ಷ. ಇಲ್ಲಿಯವರೆಗೆ ಎಲ್ಲರೂ ಓದುವ ಸಾಮಾನ್ಯ ಶಾಲೆಯಲ್ಲೇ ಓದಿದ್ದಾಳೆ. ಅವಳ ತರಗತಿಯಲ್ಲಿ ಅವಳೊಬ್ಬಳೇ ಮುಸ್ಲಿಂ ಹುಡುಗಿ. ಹುಡುಗಿಯರಿಗೇ ಅಂತ ಇರುವ ಧಾರ್ಮಿಕ ಶಾಲೆಗೆ ಸೇರಿಸೋಣ, ಅಲ್ಲಿ ತಾನು ಯಾರು ಅಂತ ಅವಳಿಗೆ ಗಟ್ಟಿಯಾಗಿ ಗೊತ್ತಾಗುತ್ತದೆ ಅನ್ನುತ್ತಾರೆ ನನ್ನ ಗಂಡ. ಹೊರಗಿನವರ ಜೊತೆ ಬೆರೆಯುವುದನ್ನೇ ಮರೆತುಬಿಟ್ಟರೆ ಅಂತ ನನಗೆ ಭಯ. ಅವಳನ್ನೇ ಕೇಳಿದರೆ "ನಿಮ್ಮಿಷ್ಟ" ಅನ್ನುತ್ತಾಳೆ. ಇಂಥ ಶಾಲೆ ಈ ವಯಸ್ಸಿನ ಹುಡುಗಿಯನ್ನು ನಿಜವಾಗಿ ಹೇಗೆ ಬದಲಾಯಿಸುತ್ತದೆ?

ಉತ್ತರ: ಮೊದಲು ಆ "ನಿಮ್ಮಿಷ್ಟ"ದ ವಿಷಯ. ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ ಅಂತ ಅವಳಿಗೆ ಗೊತ್ತಾಗಿದೆ, ಯಾರ ಪರ ಮಾತಾಡಿದರೂ ಇನ್ನೊಬ್ಬರಿಗೆ ಬೇಜಾರು, ಅದಕ್ಕೆ ಸದ್ದಿಲ್ಲದೆ ಮಧ್ಯದಿಂದ ಜಾರಿಕೊಂಡಿದ್ದಾಳೆ. ಆ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಹದಿಹರೆಯದ ಹುಡುಗಿಯರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಸಾಮಾನ್ಯ ಶಾಲೆಯಿಂದಲೂ ಬರುತ್ತಾರೆ, ಧಾರ್ಮಿಕ ಶಾಲೆಯಿಂದಲೂ ಬರುತ್ತಾರೆ. ನಿಮ್ಮ ಪತ್ರ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನೀವೂ ನಿಮ್ಮ ಯಜಮಾನರೂ ಜಗಳವಾಡುತ್ತಿದ್ದೀರಿ, ಆದರೆ ಇಬ್ಬರೂ ಒಂದೇ ಮಾತನ್ನು ನಂಬಿದ್ದೀರಿ. ಧಾರ್ಮಿಕ ಶಾಲೆಗೆ ಹೋದರೆ "ನಾನು ಮುಸ್ಲಿಂ" ಅನ್ನುವ ಭಾವನೆ ಜಾಸ್ತಿ ಆಗುತ್ತದೆ ಅಂತ. ಅದು ಅವರಿಗೆ ಬೇಕು, ನಿಮಗೆ ಹೆದರಿಕೆ. ನಾನು ನೋಡಿದ ಹಾಗೆ, ಮೊದಲ ಕೆಲವು ತಿಂಗಳು ಆಗುವುದು ಇದರ ಉಲ್ಟಾ.

ಈಗಿನ ತರಗತಿಯನ್ನೇ ನೋಡಿ. ಮೂವತ್ತು ನಲವತ್ತು ಮಕ್ಕಳ ನಡುವೆ ಅವಳೊಬ್ಬಳೇ ಮುಸ್ಲಿಂ. ಪ್ರಪಂಚದ ಯಾವ ಮೂಲೆಯಲ್ಲಿ ಏನೇ ನಡೆದರೂ ನಾಲ್ಕು ತಲೆ ಅವಳ ಕಡೆ ತಿರುಗುತ್ತವೆ. ರಂಜಾನ್ ತಿಂಗಳಲ್ಲಿ "ನೀರೂ ಕುಡಿಯಲ್ವಾ?" ಅಂತ ದಿನಾ ಯಾರಾದರೂ ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಮನಸ್ಸಿರುವುದಿಲ್ಲ. ಆದರೆ ಉತ್ತರ ಕೊಡಬೇಕಾದವಳು ಇವಳೊಬ್ಬಳೇ. ಸ್ಕಾರ್ಫ್ ಹಾಕಿದರೆ ಯಾಕೆ ಹಾಕಿದೆ, ಹಾಕದಿದ್ದರೆ ಯಾಕೆ ಹಾಕಿಲ್ಲ. ಅವಳು ಗಣಿತದಲ್ಲಿ ಚುರುಕು ಅನ್ನುವುದು, ನಗಲು ಶುರು ಮಾಡಿದರೆ ನಿಲ್ಲಿಸಲಾರಳು ಅನ್ನುವುದು, ಎಲ್ಲ ಹಿಂದಕ್ಕೆ ಸರಿದು "ಆ ಮುಸ್ಲಿಂ ಹುಡುಗಿ" ಅನ್ನುವುದೇ ಮುಂದೆ ನಿಲ್ಲುತ್ತದೆ.

ಎಲ್ಲರೂ ಮುಸ್ಲಿಮರೇ ಇರುವ ಕಡೆ ಈ ಹೊರೆ ಮೊದಲ ವಾರವೇ ಇಳಿದುಬಿಡುತ್ತದೆ. ಎಲ್ಲರ ತಲೆ ಮೇಲೂ ಅದೇ ಸ್ಕಾರ್ಫ್ ಇದ್ದಾಗ ಸ್ಕಾರ್ಫ್ ಏನನ್ನೂ ಹೇಳುವುದಿಲ್ಲ. ಆಗ ಅವಳು ಬರೀ ಕೋಳಿಕಾಲು ಅಕ್ಷರದ ಹುಡುಗಿ, ಜೋರಾಗಿ ನಗುವ ಹುಡುಗಿ, ಬೆಳಗ್ಗೆ ಏಳಲು ಸತಾಯಿಸುವ ಹುಡುಗಿ. ಬೇರೆ ಮಕ್ಕಳು ಹುಟ್ಟಿದಾಗಿನಿಂದ ಅನುಭವಿಸುವ ಈ ಆರಾಮ ಕೆಲವು ಹುಡುಗಿಯರಿಗೆ 13ನೇ ವಯಸ್ಸಿನಲ್ಲಿ ಮೊದಲ ಸಲ ಸಿಗುತ್ತದೆ. ಇದನ್ನು ಸಣ್ಣದು ಅಂತ ತಳ್ಳಿಹಾಕಬೇಡಿ. ಯಜಮಾನರ ಮಾತಿನಲ್ಲಿ ನಿಜ ಇರುವುದು ಇಲ್ಲಿ, ಅವರು ಅಂದುಕೊಂಡ ಕಾರಣಕ್ಕಲ್ಲದಿದ್ದರೂ.

ನಮಾಝಿನ ಹೊತ್ತಿನದ್ದೊಂದು ಸಣ್ಣ ಉದಾಹರಣೆ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ನಮಾಝ್ ಇಲ್ಲ. ಅಪ್ಪ ಅಣ್ಣಂದಿರ ನಡುವೆ ಬೆಳೆದ ಹುಡುಗಿಗೆ ಆ ದಿನ ಏಳದೆ ಕೂತಿರುವುದೇ ಒಂದು ಸಂಕಟ, ಎಷ್ಟೋ ಹುಡುಗಿಯರು ಸುಮ್ನೆ ಕೋಣೆ ಬಾಗಿಲು ಹಾಕಿಕೊಂಡು ಕಾಲ ಕಳೆಯುತ್ತಾರೆ. ಹುಡುಗಿಯರ ಕೆಲವು ಧಾರ್ಮಿಕ ಶಾಲೆಗಳಲ್ಲಿ ಅದಕ್ಕೊಂದು ಬೇರೆ ಬೆಂಚೇ ಇರುತ್ತದೆ. ಯಾರೂ ಏನೂ ಕೇಳುವುದಿಲ್ಲ. ತಹಾರತ್ ಪಾಠದಲ್ಲಿ, ಅಂದರೆ ಶುದ್ಧಿಯ ಪಾಠದಲ್ಲಿ, ಟೀಚರ್ ಇದನ್ನೆಲ್ಲ ನೇರವಾಗಿ ಹೇಳುತ್ತಾರೆ. ಎಷ್ಟು ದಿನ, ಸ್ನಾನ ಯಾವಾಗ, ಕುರಾನ್ ಓದಬಹುದಾ. ಈ ಕೊನೆಯ ಪ್ರಶ್ನೆಗೆ ಉತ್ತರವೂ ಒಂದೇ ಇಲ್ಲ. ಕಲಿಯುವವಳಿಗೆ, ಕಲಿಸುವವಳಿಗೆ ಮಾಲಿಕಿ ಮದ್‌ಹಬ್, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರದ ಪಂಥಗಳಲ್ಲೊಂದು, ಸಡಿಲ ಬಿಡುತ್ತದೆ. ಹನಫಿ ಅನ್ನುವ ಇನ್ನೊಂದು ಪಂಥದಲ್ಲಿ ಕಟ್ಟು ಜಾಸ್ತಿ, ಕಲಿಸುವ ಹೆಂಗಸು ಒಂದೊಂದೇ ಪದ ಬಿಡಿಸಿ ಹೇಳಿಕೊಡಬಹುದು ಅನ್ನುತ್ತಾರೆ. ಒಂದೇ ಧರ್ಮದೊಳಗೆ ಇಬ್ಬರು ದೊಡ್ಡವರು ಬೇರೆ ಬೇರೆ ಹೇಳಿದ್ದಾರೆ, ಇಬ್ಬರನ್ನೂ ಗೌರವದಿಂದಲೇ ಓದುತ್ತಾರೆ ಅಂತ ಹುಡುಗಿಗೆ ಗೊತ್ತಾಗುವುದು ಇಂಥ ಜಾಗದಲ್ಲೇ. ಟೀಚರ್ ಎರಡನ್ನೂ ಹೇಳಿಕೊಟ್ಟರೆ ಅಂತ ಸೇರಿಸಿಕೊಳ್ಳಿ, ಕೆಲವರು ಹೇಳುವುದಿಲ್ಲ.

ಇನ್ನು ನಿಮ್ಮ ಭಯದ ಕಡೆ ಬರೋಣ. ಅದರಲ್ಲೂ ಹುರುಳಿದೆ.

ಎಲ್ಲರೂ ಮುಸ್ಲಿಮರೇ ಆದ ಮೇಲೆ "ಮುಸ್ಲಿಂ" ಅನ್ನುವುದರಿಂದ ಯಾರನ್ನೂ ಬೇರ್ಪಡಿಸಲು ಆಗುವುದಿಲ್ಲ. ಹದಿಹರೆಯಕ್ಕೆ ಬೇರ್ಪಡಿಸದೆ ಇರಲು ಬರುವುದಿಲ್ಲ. ಹಾಗಾಗಿ ಐದಾರು ತಿಂಗಳಲ್ಲಿ ಹೊಸ ಏಣಿ ನಿಲ್ಲುತ್ತದೆ, ಯಾರು ಹೆಚ್ಚು ದೀನ್‌ದಾರ್, ಅಂದರೆ ಧರ್ಮನಿಷ್ಠೆ ಇರುವವಳು, ಅಂತ. ಯಾರ ಹಣೆ ಮೇಲೆ ಕೂದಲು ಕಾಣುತ್ತದೆ, ಯಾರು ತಹಜ್ಜುದ್‌ಗೆ, ಅಂದರೆ ನಡುರಾತ್ರಿಯ ಹೆಚ್ಚುವರಿ ನಮಾಝಿಗೆ, ಎದ್ದಳು, ಯಾರು ಇನ್ನೂ ಹಾಡು ಕೇಳುತ್ತಾಳೆ, ಯಾರ ಫೋನಿನಲ್ಲಿ ಏನಿತ್ತು. ಏಣಿ ಎಲ್ಲ ಶಾಲೆಯಲ್ಲೂ ಇರುತ್ತದೆ. ಬೇರೆ ಕಡೆ ಅದು ಮಾರ್ಕ್ಸಿನದ್ದೋ ಬಟ್ಟೆಯದ್ದೋ ಆಗಿರುತ್ತದೆ, ಅಷ್ಟೇ. ಆದರೆ ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಬಟ್ಟೆಯ ಏಣಿಯಿಂದ ಬಿದ್ದ ಹುಡುಗಿ ಗೆಳತಿಯರ ಕಣ್ಣಲ್ಲಿ ಬೀಳುತ್ತಾಳೆ. ಈ ಏಣಿಯಿಂದ ಬಿದ್ದವಳು ದೇವರ ಕಣ್ಣಲ್ಲೇ ಬಿದ್ದೆ ಅಂದುಕೊಳ್ಳುತ್ತಾಳೆ. 14 ವರ್ಷದವಳಿಗೆ ಇವೆರಡನ್ನು ಬಿಡಿಸಿ ನೋಡುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. ಹಿಫ್ಜ್ ತರಗತಿಯಲ್ಲಿದ್ದಳು, ಅಂದರೆ ಇಡೀ ಕುರಾನ್ ಬಾಯಿಪಾಠ ಮಾಡುವ ತರಗತಿ. 30 ಜುಝ್ (ಭಾಗ), 114 ಸೂರಾ (ಅಧ್ಯಾಯ), ಮದೀನಾ ಮುದ್ರಣದಲ್ಲಾದರೆ 604 ಪುಟ. ಅವರ ಕಲಿಕೆ ನಡೆಯುವುದು ಜೋಡಿಯಲ್ಲಿ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎದುರುಬದುರು ಕೂರುತ್ತಾರೆ, ಒಬ್ಬಳು ಪುಸ್ತಕ ತೆರೆದುಕೊಂಡು, ಇನ್ನೊಬ್ಬಳು ಕಣ್ಣು ಮುಚ್ಚಿ ತೂಗುತ್ತಾ ಒಪ್ಪಿಸುತ್ತಾಳೆ. ತಪ್ಪಿದರೆ ಪುಸ್ತಕದವಳು ಬೆರಳಿಂದ ಮೆಲ್ಲಗೆ ನೆಲ ತಟ್ಟುತ್ತಾಳೆ. ಒಂದೇ ಥರದ ಆಯತ್‌ಗಳು, ಅಂದರೆ ವಚನಗಳು, ಬೇಕಾದಷ್ಟಿವೆ, ಸೂರಾ ರಹ್ಮಾನ್ ಒಂದರಲ್ಲೇ ಒಂದೇ ಆಯತ್ 31 ಸಲ ಬರುತ್ತದೆ. ಅದರ ನಂತರ ಯಾವುದು ಅಂತ ತಡವರಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುವುದು ಸುಲಭ. ಎರಡು ವರ್ಷ ಹೀಗೆ ಕೂತ ಮೇಲೆ ನಿನ್ನ ನಾಲಿಗೆ ಎಲ್ಲಿ ಜಾರುತ್ತದೆ ಅಂತ ನಿನಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ. "ಸೇರಿದವಳು ನಾನು" ಅನ್ನುವ ಭಾವನೆ ಈ ಮೊಣಕಾಲುಗಳ ನಡುವೆ ಹುಟ್ಟುವಷ್ಟು ಯಾವ ಉಪನ್ಯಾಸದಲ್ಲೂ ಹುಟ್ಟುವುದಿಲ್ಲ.

ಆ ಹುಡುಗಿಗೆ 15ನೇ ವಯಸ್ಸಿನಲ್ಲಿ ಅರ್ಧಕ್ಕೆ ನಿಂತುಹೋಯಿತು. ಹೊಸ ಪಾಠ ತಲೆಗೆ ಹತ್ತುತ್ತಿರಲಿಲ್ಲ, ಹಳೆಯದೂ ಅಳಿಸಿ ಹೋಗುತ್ತಿತ್ತು. ನಿದ್ದೆ ಸರಿಯಿಲ್ಲದೆ ಹೀಗಾಗಿತ್ತು, ದೊಡ್ಡ ವಿಷಯವೇ ಅಲ್ಲ. ಆದರೆ ಆ ಶಾಲೆಯಲ್ಲಿ ಅವಳ ಮುಂದೆ ಯಾರೋ, ಮನಸ್ಸಿನಲ್ಲಿ ಕೊಳೆ ಇದ್ದರೆ ಕುರಾನ್ ನಿಲ್ಲುವುದಿಲ್ಲ ಅಂದುಬಿಟ್ಟಿದ್ದರು. ಬಿಟ್ಟು ಬಂದಳು. ಬಂದ ಮೇಲೆ ನಮಾಝನ್ನೂ ಬಿಟ್ಟಳು, ನಂಬಿಕೆ ಹೋಗಿ ಅಲ್ಲ, ನನಗೆ ಅರ್ಹತೆ ಇಲ್ಲ ಅಂತ. ಜೋಡಿಯಾಗಿ ಕೂರುತ್ತಿದ್ದ ಗೆಳತಿ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅವಳನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದ ಕೈಯೇ ಬಿಟ್ಟಾಗ ಅಷ್ಟೇ ಜೋರಾಗಿ ಬಿದ್ದಳು. ಮುಂದೆ ಅವಳನ್ನು ಮತ್ತೆ ನಮಾಝ್ ಚಾಪೆಗೆ ಕರೆತಂದದ್ದು ನಾನಲ್ಲ, ಅದೇ ಶಾಲೆಯ ಇನ್ನೊಬ್ಬ ಟೀಚರ್. ಮನೆಗೇ ಬಂದು, ಪಾಠದ ಮಾತೇ ಎತ್ತದೆ, ಹರಟೆ ಹೊಡೆದು ಹೋದರಂತೆ. ಅಂದರೆ ಒಂದೇ ಕಟ್ಟಡದಲ್ಲಿ ಎರಡೂ ಇರುತ್ತವೆ. ಶಾಲೆಯ ಹೆಸರು ನೋಡಿ ತೀರ್ಮಾನ ಮಾಡಲು ಬರುವುದಿಲ್ಲ ಅಂತ ನಾನು ಹೇಳುವುದು ಅದಕ್ಕೇ.

ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಧಾರ್ಮಿಕ ಶಿಕ್ಷಣ ಅಂದರೆ ಹುಡುಗಿಯರನ್ನು ಬಗ್ಗಿಸುವುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಬಗ್ಗಿಸುವ ಶಾಲೆಗಳು ಖಂಡಿತ ಇವೆ. ಆದರೆ ಓದಿದ ಹುಡುಗಿಯ ಕೈಗೆ ಒಂದು ಆಯುಧವೂ ಬರುತ್ತದೆ, ದೀನ್ (ಧರ್ಮ) ಯಾವುದು, ರಿವಾಜ್ (ಬರೀ ರೂಢಿ) ಯಾವುದು ಅಂತ ಬೇರ್ಪಡಿಸುವ ಆಯುಧ. ಮಹರ್, ಅಂದರೆ ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದದ್ದು, ಅಪ್ಪನದ್ದಲ್ಲ, ಮದುವೆಯಾಗುವವಳದ್ದು. ಒಪ್ಪಿಗೆ ಇಲ್ಲದೆ ನಿಕಾಹ್ ಮಾಡಿಸಿದ್ದಕ್ಕೆ ಖನ್ಸಾ ಬಿಂತ್ ಖಿದಾಮ್ ಎಂಬ ಮಹಿಳೆ ಪ್ರವಾದಿಯವರ ಹತ್ತಿರ ಹೋಗಿ ಹೇಳಿಕೊಂಡರು, ಅವರು ಆ ನಿಕಾಹನ್ನು ರದ್ದು ಮಾಡಿದರು. ಇದು ಸಹೀಹ್ ಬುಖಾರಿಯಲ್ಲಿದೆ, ಅಂದರೆ ಹದೀಸ್‌ಗಳ (ಪ್ರವಾದಿಯವರ ನುಡಿ ನಡೆಗಳ ವರದಿಗಳ) ಹೆಸರಾಂತ ಸಂಗ್ರಹದಲ್ಲಿ. ಇದನ್ನು ಅರಬ್ಬಿಯಲ್ಲೇ ಹೇಳಬಲ್ಲ 17 ವರ್ಷದ ಮಗಳ ಮುಂದೆ ಚಿಕ್ಕಪ್ಪ "ನಮ್ಮಲ್ಲಿ ಹುಡುಗಿಯನ್ನು ಕೇಳುವ ಪದ್ಧತಿ ಇಲ್ಲ" ಅಂದರೆ ಏನಾಗುತ್ತದೆ ಯೋಚಿಸಿ. ಬೇರೆ ಯಾರೇ ಹೇಳಿದ್ದರೂ "ಹೊರಗಿನ ಗಾಳಿ ಬೀಸಿದೆ" ಅಂತ ಬಾಯಿ ಮುಚ್ಚಿಸಬಹುದಿತ್ತು. ಇವಳಿಗೆ ಹಾಗೆ ಅನ್ನಲು ಆಗುವುದಿಲ್ಲ.

ಇದು ಹೊಸದೂ ಅಲ್ಲ. ಪ್ರವಾದಿಯವರ ಪತ್ನಿ ಆಯಿಶಾ ಹೇಳಿದ ಹದೀಸ್‌ಗಳೇ 2210. ಹನ್ನೊಂದನೇ ಶತಮಾನದಲ್ಲಿ ಮಕ್ಕಾದಲ್ಲಿ ಕರೀಮಾ ಅಲ್-ಮರ್ವಝಿಯ್ಯಾ ಬುಖಾರಿ ಪಾಠ ಹೇಳುತ್ತಿದ್ದರು, ಬಗ್ದಾದಿನ ದೊಡ್ಡ ವಿದ್ವಾಂಸ ಖತೀಬ್ ಅಲ್-ಬಗ್ದಾದಿ ಅವರ ಹತ್ತಿರ ಕಲಿತರು. ಇಂಥ ಹೆಂಗಸರ ವಿವರ ಹುಡುಕುತ್ತಾ ಹೋದ ವಿದ್ವಾಂಸ ಅಕ್ರಮ್ ನದ್ವಿ ಅವರ ಕೆಲಸ ಕೊನೆಗೆ 43 ಸಂಪುಟಕ್ಕೆ ನಿಂತಿತು. ಚೀನಾದ ಹುಯಿ ಮುಸ್ಲಿಮರಲ್ಲಿ ಹೆಂಗಸರಿಗೇ ಬೇರೆ ಮಸೀದಿಗಳಿವೆ, ಅಹೊಂಗ್ ಅಂತ ಕರೆಯುವ ಹೆಂಗಸರೇ ಅವುಗಳನ್ನು ನಡೆಸುತ್ತಾರೆ. ಕೈಫೆಂಗ್ ಊರಿನ ವಾಂಗ್‌ಜಿಯಾ ಗಲ್ಲಿಯದ್ದು 1820ರದ್ದು. ಇಂಡೋನೇಷ್ಯಾದ ಪಡಾಂಗ್ ಪಂಜಾಂಗ್‌ನಲ್ಲಿ ರಹ್ಮಾ ಎಲ್ ಯೂನುಸಿಯಾ 1923ರಲ್ಲಿ ಹುಡುಗಿಯರಿಗೇ ಅಂತ ಧಾರ್ಮಿಕ ಶಾಲೆ ತೆರೆದಾಗ ಅವರಿಗೇ ಇನ್ನೂ 23 ತುಂಬಿತ್ತೋ ಇಲ್ಲವೋ. ಕೈರೋದ ಅಲ್-ಅಝರ್ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ವಿಭಾಗ ಶುರುವಾದದ್ದು 1960ರ ದಶಕದಲ್ಲಿ, ಇವರ ಶಾಲೆ ಶುರುವಾಗಿ ಸುಮಾರು ನಾಲ್ಕು ದಶಕ ಆದ ಮೇಲೆ. ಅದೇ ಇಂಡೋನೇಷ್ಯಾದ ಚಿರೆಬೋನ್‌ನಲ್ಲಿ 2017ರಲ್ಲಿ ಮಹಿಳಾ ಉಲಮಾಗಳು, ಅಂದರೆ ಧರ್ಮ ವಿದ್ವಾಂಸೆಯರು, ಸೇರಿ ಬಾಲ್ಯವಿವಾಹದ ವಿರುದ್ಧ ಫತ್ವಾ ಕೊಟ್ಟರು. 2019ರಲ್ಲಿ ಅಲ್ಲಿನ ಸರ್ಕಾರ ಹುಡುಗಿಯರ ಮದುವೆ ವಯಸ್ಸನ್ನು 16ರಿಂದ 19ಕ್ಕೆ ಏರಿಸಿತು. ಫತ್ವಾ ಒಂದರಿಂದಲೇ ಏರಿತು ಅನ್ನುವುದಿಲ್ಲ, ನ್ಯಾಯಾಲಯದಲ್ಲೂ ಹೋರಾಟ ನಡೆದಿತ್ತು. ಆದರೆ ಹೆಣ್ಣುಮಕ್ಕಳು ಧರ್ಮದ ಭಾಷೆಯಲ್ಲೇ ಮಾತಾಡಿದರು, ಅದು ಅವರಿಗೆ ಬರುತ್ತಿತ್ತು.

ಟರ್ಕಿಯ ಕಥೆಗೆ ಇನ್ನೊಂದು ತಿರುವಿದೆ. ಅಲ್ಲಿನ ಇಮಾಮ್-ಹತೀಪ್ ಶಾಲೆಗಳು 1951ರಲ್ಲಿ ಶುರುವಾದದ್ದು ಇಮಾಮರನ್ನು ತಯಾರು ಮಾಡಲು. 1976ರಿಂದ ಹುಡುಗಿಯರಿಗೂ ಬಾಗಿಲು ತೆರೆಯಿತು. ಹುಡುಗಿಯರು ಇಮಾಮ್ ಆಗುವುದಿಲ್ಲ, ಮತ್ತೆ ಯಾಕೆ ಹೋದರು? ಬೇರೆ ಶಾಲೆಗೆ ಮನೆಯವರು ಕಳಿಸುತ್ತಿರಲಿಲ್ಲ, ಅದಕ್ಕೆ. ಅಲ್ಲಿ ಓದಿದ ಎಷ್ಟೋ ಹುಡುಗಿಯರು ಮುಂದೆ ವಿಶ್ವವಿದ್ಯಾಲಯದ ಗೇಟಿಗೆ ಬಂದು ನಿಂತಾಗ ಸ್ಕಾರ್ಫ್ ನಿಷೇಧದಿಂದ ಒಳಗೆ ಬಿಡಲಿಲ್ಲ. ಹುಡುಗಿಗೆ ಮನೆಯೇ ಸಾಕು ಅನ್ನುತ್ತಿದ್ದ ಕಾಲದಲ್ಲಿ ಶಾಲೆ ಅವರಿಗೆ ಹೊರಗಿನ ಆಸೆ ಹುಟ್ಟಿಸಿತು, ಹೊರಗು ಅವರನ್ನು ವಾಪಸ್ ಕಳಿಸಿತು. ಸೇರಿಕೊಳ್ಳುವುದು ಅನ್ನುವುದು ಹುಡುಗಿಯ ಮನಸ್ಸಿನಲ್ಲೇ ತೀರ್ಮಾನ ಆಗುವ ವಿಷಯ ಅಲ್ಲ ನೋಡಿ, ಎದುರಿಗಿರುವವರೂ ಜಾಗ ಬಿಡಬೇಕು. ಫ್ರಾನ್ಸ್‌ನಲ್ಲಿ 2004ರ ಕಾನೂನು ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿತು. ಖಾಸಗಿ ಶಾಲೆಗಳಿಗೆ ಅದು ಅನ್ವಯ ಆಗುವುದಿಲ್ಲವಲ್ಲ, ಹಾಗಾಗಿ ಸ್ಕಾರ್ಫ್ ಬಿಡಲು ಮನಸ್ಸಿಲ್ಲದ ಕೆಲವು ಮುಸ್ಲಿಂ ಹುಡುಗಿಯರು ಕ್ಯಾಥೊಲಿಕ್ ಶಾಲೆಗೆ ಸೇರಿದರು. ದೇವರನ್ನು ನಂಬುವುದೇ ವಿಚಿತ್ರ ಅಂತ ನೋಡದ ಜಾಗ ಅವರಿಗೆ ಬೇಕಿತ್ತು, ಅದು ಶಿಲುಬೆಯ ಕೆಳಗೆ ಸಿಕ್ಕಿತು.

ಓದಿನಲ್ಲಿ ಹಿಂದೆ ಬೀಳುತ್ತಾಳಾ ಅಂತ ನೀವು ಕೇಳಿಲ್ಲ, ಆದರೂ ಒಂದು ಮಾತು. ಇಂಗ್ಲೆಂಡಿನ ಬ್ಲಾಕ್‌ಬರ್ನ್‌ನ ತೌಹೀದುಲ್ ಇಸ್ಲಾಂ ಹುಡುಗಿಯರ ಶಾಲೆ ಇಡೀ ದೇಶದ ಪ್ರಗತಿ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ಬಂದದ್ದಿದೆ. ವಿಜ್ಞಾನವನ್ನು ಕಾಟಾಚಾರಕ್ಕೆ ಕಲಿಸುವ ಶಾಲೆಗಳೂ ಇವೆ. ಹಾಗಾಗಿ ಯಾವ ಥರದ ಶಾಲೆ ಅಂತ ಮೊದಲು ಕೇಳಿ. ಸಂಜೆ ಎರಡು ತಾಸು ಕುರಾನ್ ಹೇಳಿಕೊಡುವ ಮಕ್ತಬ್ ಬೇರೆ, ಸರ್ಕಾರದ ಪಠ್ಯವನ್ನೇ ಧಾರ್ಮಿಕ ವಾತಾವರಣದಲ್ಲಿ ಕಲಿಸುವ ಶಾಲೆ ಬೇರೆ, ಹಾಸ್ಟೆಲ್‌ನಲ್ಲಿದ್ದು ಐದಾರು ವರ್ಷ ಓದುವ ಆಲಿಮಾ (ಧರ್ಮ ವಿದ್ವಾಂಸೆ) ಕೋರ್ಸ್ ಪೂರ್ತಿ ಬೇರೆ. ನಾನು ಮೇಲೆ ಹೇಳಿದ ಒಳ್ಳೆಯದು, ಕೆಟ್ಟದ್ದು ಎರಡೂ ಹಾಸ್ಟೆಲ್‌ನಲ್ಲಿ ದುಪ್ಪಟ್ಟು. ಸಂಜೆ ಮನೆಗೆ ಬಂದು ತಮ್ಮನ ಜೊತೆ ಜಗಳ ಆಡುವ ಹುಡುಗಿಗೆ ಏಣಿಯಿಂದ ಇಳಿಯಲು ದಿನಾ ಒಂದು ಅವಕಾಶ ಇರುತ್ತದೆ.

1966ರಲ್ಲಿ ಜೇಮ್ಸ್ ಮಾರ್ಸಿಯಾ ಎಂಬ ಮನಶ್ಶಾಸ್ತ್ರಜ್ಞರು ಹರೆಯದವರ ಗುರುತಿನ ಬಗ್ಗೆ ಎರಡೇ ಪ್ರಶ್ನೆ ಇಟ್ಟುಕೊಂಡರು. ಇವರು ಹುಡುಕಾಡಿದ್ದಾರಾ? ಒಂದು ಕಡೆ ನಿಂತಿದ್ದಾರಾ? ಹುಡುಕಾಡದೆ, ದೊಡ್ಡವರು ಕೊಟ್ಟದ್ದನ್ನೇ ತಗೊಂಡು ನಿಂತವರು ಹೊರಗಿಂದ ಬಹಳ ಗಟ್ಟಿ ಕಾಣುತ್ತಾರೆ. ಹುಡುಕಾಡಿ ನಿಂತವರೂ ಹಾಗೇ ಕಾಣುತ್ತಾರೆ. 15ರಲ್ಲಿ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರೆ ನನಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. 18ಕ್ಕೆ ಕಾಲೇಜಿಗೋ ಕೆಲಸಕ್ಕೋ ಹೊರಗೆ ಕಾಲಿಟ್ಟಾಗ ಗೊತ್ತಾಗುತ್ತದೆ. ಯಾರೋ "ನೀನ್ಯಾಕೆ ಹೀಗೆ?" ಅಂತ ಕೇಳುತ್ತಾರೆ. ಒಬ್ಬಳು ತನ್ನ ಮಾತಲ್ಲಿ ಹೇಳುತ್ತಾಳೆ, ಬೇಕಿದ್ದರೆ ನಗುತ್ತಾಳೆ, "ಅದು ನನಗೂ ಇನ್ನೂ ಗೊತ್ತಿಲ್ಲ" ಅಂತಲೂ ಅನ್ನುತ್ತಾಳೆ. ಇನ್ನೊಬ್ಬಳು ಪಾಠ ಒಪ್ಪಿಸುತ್ತಾಳೆ, ಅಥವಾ ಒಂದೇ ತಿಂಗಳಲ್ಲಿ ಎಲ್ಲವನ್ನೂ ಕಳಚಿ ಎಸೆಯುತ್ತಾಳೆ, ಇಲ್ಲವೇ ಮನೆಯಲ್ಲೊಬ್ಬಳು, ಕಾಲೇಜಿನಲ್ಲೊಬ್ಬಳು, ಫೋನಿನಲ್ಲಿ ಮೂರನೆಯವಳಾಗಿ ಬದುಕಲು ಶುರು ಮಾಡುತ್ತಾಳೆ. ಹೊರಗೇ ಬರುವುದು ಬೇಡ ಅನ್ನುವವರೂ ಇದ್ದಾರೆ. ನಿಮ್ಮ ಭಯ ಇದೇ ಅಲ್ವಾ? ಇದು ಧಾರ್ಮಿಕ ಶಾಲೆಯಿಂದಲೇ ಬರುವ ರೋಗ ಅಲ್ಲ, ನನ್ನ ಹತ್ತಿರ ಬರುವ ಸಾಮಾನ್ಯ ಶಾಲೆಯ ಮಕ್ಕಳಲ್ಲೂ ಇದೆ. ಆದರೆ ಎಲ್ಲರೂ ಒಂದೇ ಥರ ಇರುವ ಕಡೆ ಹುಡುಕಾಡದೆ ಕಾಲ ಹಾಕುವುದು ಸುಲಭ, ಅಷ್ಟು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಏನು ಮಾಡಬೇಕು? ನಾನಾಗಿದ್ದರೆ ಸೇರಿಸಿ, ಸೇರಿಸಬೇಡಿ ಅಂತ ಹೇಳುವ ಮೊದಲು ಒಂದು ದಿನ ಮಗಳನ್ನು ಕರೆದುಕೊಂಡು ಆ ಶಾಲೆಗೆ ಹೋಗುತ್ತಿದ್ದೆ, ಅದೂ ಅವರು ತೋರಿಸಲು ಕರೆಯುವ ದಿನ ಅಲ್ಲ, ಸಾಮಾನ್ಯ ದಿನ. ಮಧ್ಯಾಹ್ನ ಬಿಡುವಿನಲ್ಲಿ ಅಂಗಳದ ಸದ್ದು ಕೇಳಿ. ಹುಡುಗಿಯರು ಗಲಾಟೆ ಮಾಡುತ್ತಿದ್ದರೆ ಒಳ್ಳೆಯದು, ಟೀಚರ್ ಬಂದಾಗ ಸದ್ದು ತಟ್ಟನೆ ನಿಂತುಹೋದರೆ ಸ್ವಲ್ಪ ಯೋಚಿಸಿ. ತರಗತಿಯಲ್ಲಿ ಯಾರಾದರೂ "ಯಾಕೆ?" ಅಂತ ಕೇಳುವವರೆಗೆ ಕೂತಿರಿ, ಉತ್ತರಕ್ಕಿಂತ ಟೀಚರ್ ಮುಖ ನೋಡಿ. ಹಳೇ ಶಾಲೆಯ ಗೆಳತಿಯರ ಮನೆಗೆ ಹೋಗಿ ಬರುವುದನ್ನು, ಅವರ ಹಬ್ಬಕ್ಕೆ ಹೋಗುವುದನ್ನು ಇಲ್ಲಿಯವರು ತಪ್ಪು ಅನ್ನುತ್ತಾರಾ ಅಂತ ನೇರವಾಗಿ ಕೇಳಿಬಿಡಿ. ಸೇರಿಸಿದರೂ ಆ ಗೆಳತಿಯರಲ್ಲಿ ಒಬ್ಬಳನ್ನಾದರೂ ಬಿಟ್ಟುಕೊಡಬೇಡಿ. ಮಗಳು ಸೋಮಾರಿತನದಿಂದ ಬಿಟ್ಟರೂ ನೀವು ಬಿಡಬೇಡಿ.

ವಾಪಸ್ ಬರುವ ದಾರಿಯಲ್ಲಿ ಅವಳನ್ನು "ಇಷ್ಟ ಆಯ್ತಾ?" ಅಂತ ಕೇಳಬೇಡಿ, ಮತ್ತೆ "ನಿಮ್ಮಿಷ್ಟ" ಅನ್ನುತ್ತಾಳೆ. ಅಲ್ಲಿ ಯಾರ ಪಕ್ಕ ಕೂರಬೇಕು ಅನ್ನಿಸಿತು ಅಂತ ಕೇಳಿ. ಒಬ್ಬಳ ಹೆಸರು ಹೇಳಿದರೂ ಸಾಕು, ಅಲ್ಲಿಂದ ಮಾತು ಮುಂದುವರಿಯುತ್ತದೆ. ಒಂದು ವರ್ಷದ ನಂತರ ಬೇಡ ಅನ್ನಿಸಿದರೆ ಬಿಟ್ಟು ಬರಬಹುದು, ಅದು ಸೋಲೂ ಅಲ್ಲ ಪಾಪವೂ ಅಲ್ಲ ಅಂತ ಅಪ್ಪನ ಬಾಯಿಂದಲೇ ಅವಳಿಗೆ ಹೇಳಿಸಿ. ನೀವು ಹೇಳಿದರೆ ಅದು ಜಗಳದ ಮುಂದುವರಿಕೆ ಆಗುತ್ತದೆ.

ಶಾಲೆಯ ಆಫೀಸಿನಲ್ಲಿ ಫಲಿತಾಂಶದ ಪಟ್ಟಿ, ಹಾಫಿಝಾ ಆದವರ, ಅಂದರೆ ಕುರಾನ್ ಪೂರ್ತಿ ಬಾಯಿಪಾಠ ಮಾಡಿದವರ, ಫೋಟೋ ಎಲ್ಲ ತೋರಿಸುತ್ತಾರೆ. ನೋಡಿ, ಮೆಚ್ಚಿಕೊಳ್ಳಿ. ಆಮೇಲೆ ಒಂದೇ ಒಂದು ವಿಷಯ ವಿಚಾರಿಸಿ. ಅರ್ಧಕ್ಕೆ ಬಿಟ್ಟು ಹೋದ ಹುಡುಗಿಯರು ಆಗಾಗ ಇಲ್ಲಿಗೆ ಬಂದು ಹೋಗುತ್ತಾರಾ?